ಪೋಸ್ಟ್‌ಕಾರ್ಡಿನಲ್ಲಿ ಇಲ್ಲದ ಕೆನಡಾ

2024ರ ಜೂನ್ 21, ಶುಕ್ರವಾರ. ಟೊರಾಂಟೊದ ಒಂಟಾರಿಯೊ ಸೈನ್ಸ್ ಸೆಂಟರನ್ನು ಅಲ್ಲಿನ ಪ್ರಾಂತ್ಯ ಸರ್ಕಾರ ದಿಢೀರನೆ ಮುಚ್ಚಿಬಿಟ್ಟಿತು. ಛಾವಣಿಗೆ ಹಾಸಿದ್ದ ಹಗುರ ಕಾಂಕ್ರೀಟ್ ಹಲಗೆಗಳಲ್ಲಿ ಕೆಲವು ಶಿಥಿಲವಾಗಿವೆ, ಮುಂದಿನ ಚಳಿಗಾಲದ ಹಿಮದ ಭಾರಕ್ಕೆ ಕುಸಿಯಬಹುದು ಎಂಬ ಎಂಜಿನಿಯರುಗಳ ವರದಿ ಸರ್ಕಾರದ ಕೈಯಲ್ಲಿತ್ತು. ಬೇಸಿಗೆ ರಜೆಗೆ ಮಕ್ಕಳು ಮುಗಿಬೀಳುವ ಹೊತ್ತಿಗೆ ಬಾಗಿಲ ಮುಂದೆ ಬೇಲಿ ಎದ್ದಿತು. ಈ ಕೇಂದ್ರವನ್ನು ಒಂಟಾರಿಯೊ ಸರೋವರದ ದಂಡೆಗೆ ಸ್ಥಳಾಂತರಿಸುವುದಾಗಿ ಸರ್ಕಾರ ಹಿಂದಿನ ವರ್ಷವೇ ಘೋಷಿಸಿತ್ತು. ಹಾಗಾಗಿ ಛಾವಣಿ ಬರೀ ನೆಪ ಎಂದು ಗುಮಾನಿಪಟ್ಟವರು ಬಹಳ. ಕೆಟ್ಟ ಹಲಗೆಗಳನ್ನಷ್ಟೇ ಬದಲಾಯಿಸಿದರೆ ಸಾಕಲ್ಲ ಎಂದು ವಾಸ್ತುಶಿಲ್ಪಿಗಳು ಕೇಳಿದರು. ಮೂಲ ವಿನ್ಯಾಸ ಮಾಡಿದ್ದ ಸಂಸ್ಥೆಯಂತೂ ದುರಸ್ತಿಗೆ ಶುಲ್ಕವಿಲ್ಲದೆ ದುಡಿಯಲು ತಯಾರು ಎಂದಿತು. ಐವತ್ತೈದು ವರ್ಷ ತನ್ನ ಪಾಡಿಗೆ ತಾನು ನಿಂತಿದ್ದಾಗ ಆ ಕಟ್ಟಡದ ಬಗ್ಗೆ ಇಷ್ಟು ಮಾತು ಕೇಳಿಬಂದಿರಲಿಲ್ಲ.

ಮಗ-ಸೊಸೆಯನ್ನೋ ಮಗಳು-ಅಳಿಯನನ್ನೋ ನೋಡಲು ಕೆನಡಾಕ್ಕೆ ಹೋಗಿಬಂದ ನಮ್ಮ ಕಡೆಯ ಅಪ್ಪ-ಅಮ್ಮಂದಿರ ಮೊಬೈಲಿನಲ್ಲಿ ಇರುವ ಚಿತ್ರಗಳು ಹೆಚ್ಚುಕಡಿಮೆ ಒಂದೇ. ನಯಾಗರಾ ಒಂದಿಷ್ಟು, 553 ಮೀಟರ್ ಎತ್ತರದ ಸಿಎನ್ ಟವರ್ ಕೆಳಗೆ ಕತ್ತೆತ್ತಿ ನಿಂತದ್ದು, ಒಟ್ಟಾವದ ಸಂಸತ್ತು, ಹೆಚ್ಚೆಂದರೆ ಕ್ವಿಬೆಕ್ ನಗರದ ಕೋಟೆಯಂಥ ಹೋಟೆಲು. ಈ ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ. ಗೋಪುರ ಇರುವುದೇ ಕತ್ತೆತ್ತಿ ನೋಡಲಿಕ್ಕೆ. ಆದರೆ ಆ ದೇಶದ ಒಳ್ಳೆಯ ಕಟ್ಟಡಗಳಲ್ಲಿ ಬಹುಪಾಲು ಹುಟ್ಟಿದ್ದು ಮೆರೆಯುವುದಕ್ಕಲ್ಲ, ತೀರಾ ಲೌಕಿಕವಾದ ಯಾವುದೋ ತೊಡಕು ಬಿಡಿಸುವುದಕ್ಕೆ. ಹಿಮ, ಮನೆ ಬಾಡಿಗೆ, ಗೋಧಿ, ಕುಡಿಯುವ ನೀರು, ಹೊಸದಾಗಿ ಬಂದಿಳಿದವರಿಗೆ ದೇವರ ಹೆಸರು ಹೇಳಲೊಂದು ಜಾಗ. ಕೆಲಸ ನೆಟ್ಟಗೆ ನಡೆಯುತ್ತಿರುವಷ್ಟು ಕಾಲ ಇಂಥವನ್ನು ಯಾರೂ ತಿರುಗಿ ನೋಡುವುದಿಲ್ಲ. ಕೆಲಸ ನಿಂತ ದಿನ ನೋಡುತ್ತಾರೆ, ಅಷ್ಟರಲ್ಲಿ ಬುಲ್‌ಡೋಜರೂ ಬಂದಿರುತ್ತದೆ.

ಕಣಿವೆಗೆ ಇಳಿಯುವ ಕಟ್ಟಡ

ಸೈನ್ಸ್ ಸೆಂಟರನ್ನು ವಿನ್ಯಾಸ ಮಾಡಿದವರು ರೇಮಂಡ್ ಮೊರಿಯಾಮಾ. 1929ರಲ್ಲಿ ವ್ಯಾಂಕೂವರಿನಲ್ಲಿ ಜಪಾನಿ ಮೂಲದ ಮನೆಯಲ್ಲಿ ಹುಟ್ಟಿದವರು. ಎಳವೆಯಲ್ಲಿ ಮೈ ಸುಟ್ಟುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ಕಿಟಕಿಯಾಚೆ ಒಂದು ಕಟ್ಟಡ ಏಳುತ್ತಿತ್ತಂತೆ. ನಕ್ಷೆ ಹಿಡಿದು ಅಲ್ಲಿ ಬಂದು ಹೋಗುತ್ತಿದ್ದವನಂತೆ ತಾನೂ ಆಗಬೇಕು ಎಂದು ಹುಡುಗ ಅಂದೇ ನಿಶ್ಚಯಿಸಿದ. 1942ರಲ್ಲಿ, ಜಪಾನ್ ಯುದ್ಧಕ್ಕಿಳಿದ ಮೇಲೆ, ಕೆನಡಾ ಸರ್ಕಾರ ಪಶ್ಚಿಮ ಕರಾವಳಿಯ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಎಬ್ಬಿಸಿತು. ಅವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳೇ. ಮೊರಿಯಾಮಾರ ತಂದೆಯನ್ನು ದೂರದ ಒಂಟಾರಿಯೊದ ಯುದ್ಧಕೈದಿಗಳ ಶಿಬಿರಕ್ಕೆ ಕಳಿಸಿದರು. ತಾಯಿ ಮತ್ತು ತಂಗಿಯರ ಜೊತೆ ಹುಡುಗ ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಸ್ಲೋಕನ್ ಕಣಿವೆಯ ಶಿಬಿರ ಸೇರಿದ.

ಶಿಬಿರದಲ್ಲಿ ಸ್ನಾನ ಎಲ್ಲರಿಗೂ ಒಟ್ಟಿಗೆ. ಬೆನ್ನ ಮೇಲಿನ ಸುಟ್ಟ ಕಲೆ ಕಂಡು ಉಳಿದ ಹುಡುಗರು ಆಡಿಕೊಂಡರು. ಅವನು ಯಾರಿಗೂ ಹೇಳದೆ ನದಿಯ ತಣ್ಣೀರಿಗೆ ಹೋಗತೊಡಗಿದ. ಯಾರಾದರೂ ಬರುತ್ತಿದ್ದಾರೋ ಎಂದು ಮೇಲಿಂದ ನೋಡಲು ಮರದ ಮೇಲೊಂದು ಅಟ್ಟಣೆ ಕಟ್ಟಿಕೊಂಡ. ಅಲ್ಲಿ ಇಲ್ಲಿ ಸಿಕ್ಕ ಹಲಗೆ ತುಂಡು ಸೇರಿಸುತ್ತ ಹೋದಂತೆ ಅಟ್ಟಣೆ ಮರಮನೆಯಾಯಿತು. ತನ್ನ ಮೊದಲ ಕಟ್ಟಡ ಅದೇ ಎಂದು ಮೊರಿಯಾಮಾ ಕೊನೆಯವರೆಗೂ ಹೇಳುತ್ತಿದ್ದರು.

ಈ ಕಥೆ ಗೊತ್ತಿದ್ದು ಸೈನ್ಸ್ ಸೆಂಟರಿಗೆ ಹೋದರೆ ಕಟ್ಟಡ ಬೇರೆಯಾಗಿಯೇ ಕಾಣುತ್ತದೆ. 1964ರಲ್ಲಿ ಆ ಕೆಲಸ ಕೈಗೆ ಬಂದಾಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಕೊಟ್ಟ ಜಾಗ ಡಾನ್ ನದಿಯ ಕಣಿವೆಯ ಕಡಿದಾದ ಇಳಿಜಾರು, ತುಂಬಾ ಮರ. ಮೇಲಿನ ಸಮತಟ್ಟಿನಲ್ಲಿ ಗತ್ತಿನಿಂದ ಎತ್ತರಿಸಿ ನಿಲ್ಲಿಸುವ ಬದಲು ಅವರು ಕಟ್ಟಡವನ್ನು ಕೆಳಕ್ಕೆ ಇಳಿಸಿದರು. ರಸ್ತೆಯಿಂದ ನೋಡಿದರೆ ಅಷ್ಟೇನೂ ಕಾಣದು. ಒಳಹೊಕ್ಕು, ಮರದ ತುದಿಗಳ ನಡುವೆ ಹಾಯುವ ಮುಚ್ಚು ಸೇತುವೆ ದಾಟಿ, ಎಸ್ಕಲೇಟರು ಹಿಡಿದು ಇಳಿಯುತ್ತ ಹೋದಂತೆ ಮೂರು ಕಟ್ಟಡಗಳು ಒಂದಾದ ಮೇಲೊಂದು ತೆರೆದುಕೊಂಡು, ಕೊನೆಗೆ ನದಿ ಮಟ್ಟದ ಕಾಡಿಗೆ ತಂದು ಬಿಡುತ್ತವೆ. 1969ರ ಸೆಪ್ಟೆಂಬರಿನಲ್ಲಿ ತೆರೆದಾಗ, ಮುಟ್ಟಬೇಡಿ ಎನ್ನುವ ಬದಲು ಮುಟ್ಟಿ ತಿರುಗಿಸಿ ನೋಡಿ ಎನ್ನುವ ವಿಜ್ಞಾನ ಸಂಗ್ರಹಾಲಯಗಳು ಲೋಕದಲ್ಲೇ ಬೆರಳೆಣಿಕೆ. ಸ್ಯಾನ್‌ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಂ ಆರಂಭವಾದದ್ದೂ ಅದೇ ವರ್ಷ.

ಇನ್ನೊಂದು ಮಾತು. ಒಟ್ಟಾವದಲ್ಲಿ 2005ರಲ್ಲಿ ತೆರೆದ ಯುದ್ಧ ಸಂಗ್ರಹಾಲಯದ ವಿನ್ಯಾಸವನ್ನು ಸರ್ಕಾರ ಒಪ್ಪಿಸಿದ್ದೂ ಮೊರಿಯಾಮಾರ ಸಂಸ್ಥೆಗೇ, ಇನ್ನೊಂದು ಸಂಸ್ಥೆಯ ಜೊತೆಗೂಡಿ. ಹನ್ನೆರಡರ ಹುಡುಗನನ್ನು ಶತ್ರು ಎಂದು ಕೂಡಿಹಾಕಿದ ದೇಶ ತನ್ನ ಯುದ್ಧಗಳ ನೆನಪಿನ ಮನೆಯನ್ನು ಆ ಹುಡುಗನ ಕೈಯಲ್ಲೇ ಕಟ್ಟಿಸಿತು. ಹುಲ್ಲು ಹೊದ್ದ ಮಾಡು, ನೆಲದೊಳಗಿಂದ ಎದ್ದಂತಿರುವ ಓರೆ ಗೋಡೆ. ಪ್ರತಿ ವರ್ಷ ನವೆಂಬರ್ 11ರ ಬೆಳಗ್ಗೆ ಹನ್ನೊಂದಕ್ಕೆ, ಮೊದಲ ಮಹಾಯುದ್ಧ ನಿಂತ ಗಳಿಗೆಗೆ, ಸೂರ್ಯನ ಬೆಳಕು ಒಂದು ಕಿಟಕಿಯಿಂದ ನೇರ ಬಂದು ಅಜ್ಞಾತ ಸೈನಿಕನ ಸಮಾಧಿಕಲ್ಲಿನ ಮೇಲೆ ಬೀಳುವಂತೆ ಲೆಕ್ಕ ಹಾಕಿದ್ದಾರೆ. ಮೊರಿಯಾಮಾ ತೀರಿಕೊಂಡದ್ದು 2023ರ ಸೆಪ್ಟೆಂಬರಿನಲ್ಲಿ. ಸೈನ್ಸ್ ಸೆಂಟರಿಗೆ ಬೇಲಿ ಬಿದ್ದದ್ದನ್ನು ಅವರು ನೋಡಬೇಕಾಗಿ ಬರಲಿಲ್ಲ.

ಕೇಂದ್ರ ಮುಚ್ಚಿದಾಗ ನಷ್ಟ ಯಾರಿಗಾಯಿತು ಎಂಬುದನ್ನು ನೋಡಲು ಸ್ವಲ್ಪ ಆಚೆಈಚೆ ಕಣ್ಣಾಡಿಸಿದರೆ ಸಾಕು. ಪಕ್ಕದಲ್ಲೇ ಫ್ಲೆಮಿಂಗ್‌ಡನ್ ಪಾರ್ಕ್, ಕಣಿವೆಯಾಚೆ ಥಾರ್ನ್‌ಕ್ಲಿಫ್ ಪಾರ್ಕ್. ಎರಡೂ ವಲಸಿಗರು ಬಂದಿಳಿದು ಮೊದಲು ಕಾಲೂರುವ ಬಡಾವಣೆಗಳು. ಅಲ್ಲಿ ಭಾರತದವರು, ಪಾಕಿಸ್ತಾನದವರು, ಆಫ್ಘನ್ನರು ತುಂಬಿದ್ದಾರೆ. 1950ರಿಂದ 80ರ ನಡುವೆ ಟೊರಾಂಟೊದಲ್ಲಿ ಇಲ್ಲಿರುವಂಥ ವಸತಿಯ ಕಾಂಕ್ರೀಟ್ ಗೋಪುರಗಳು ಸಾವಿರಕ್ಕೂ ಹೆಚ್ಚು ಎದ್ದವು. ಕಾರಿದ್ದ ಯುವ ಮಧ್ಯಮವರ್ಗಕ್ಕೆಂದು ಕಟ್ಟಿದ್ದು. ಆದ್ದರಿಂದ ಸುತ್ತ ಹುಲ್ಲುಹಾಸು, ಅಂಗಡಿ ಮಾತ್ರ ದೂರ. ಆ ಮಧ್ಯಮವರ್ಗ ಸ್ವಂತ ಮನೆ ಮಾಡಿಕೊಂಡು ಹೊರಟಿತು, ಕಾರಿಲ್ಲದವರು ಬಂದರು. ಹುಲ್ಲಿನ ಮೇಲೆ ತರಕಾರಿ ಅಂಗಡಿ ಇಡಲು ನಿಯಮ ಬಿಡಲಿಲ್ಲ. ಥಾರ್ನ್‌ಕ್ಲಿಫ್ ಪಾರ್ಕಿನ ಮಹಿಳೆಯರು ಸಮಿತಿ ಕಟ್ಟಿಕೊಂಡು, ನಗರಸಭೆಯ ಬೆನ್ನು ಹತ್ತಿ, ಅಲ್ಲಿನ ಉದ್ಯಾನದಲ್ಲಿ ವಾರದ ಸಂತೆ ಶುರುಮಾಡಿದರು. ಆಮೇಲೆ ಅದೇ ಉದ್ಯಾನದಲ್ಲಿ ಸಾರ್ವಜನಿಕ ತಂದೂರಿ ಒಲೆಯನ್ನೂ ಕಟ್ಟಿಸಿದರು. ವಾಸ್ತುಶಿಲ್ಪದ ಪ್ರಶಸ್ತಿ ಕೊಡುವವರು ನಾನಾಗಿದ್ದರೆ ಆ ಒಲೆಗೂ ಒಂದು ಇಡುತ್ತಿದ್ದೆ.

ನೀರಿಗೊಂದು ಅರಮನೆ

ಇದೇ ನಗರದ ಪೂರ್ವದ ತುದಿಯಲ್ಲಿ, ಕ್ವೀನ್ ಸ್ಟ್ರೀಟ್ ಮುಗಿಯುವ ಕಡೆ, ಒಂಟಾರಿಯೊ ಸರೋವರದ ದಿಬ್ಬದ ಮೇಲೆ ಹಳದಿ ಇಟ್ಟಿಗೆಯ ಭವ್ಯ ಕಟ್ಟಡಗಳ ಸಮೂಹ ಇದೆ. ಗೊತ್ತಿಲ್ಲದವರು ವಿಶ್ವವಿದ್ಯಾಲಯ ಎಂದುಕೊಳ್ಳಬೇಕು, ಇಲ್ಲವೇ ಯಾವುದೋ ಕೋಟ್ಯಧೀಶನ ಬಂಗಲೆ. ಅದು ಕುಡಿಯುವ ನೀರು ಸೋಸುವ ಸ್ಥಾವರ. ಹೆಸರು ಆರ್.ಸಿ. ಹ್ಯಾರಿಸ್ ಘಟಕ. ರೋಲಂಡ್ ಹ್ಯಾರಿಸ್ 1912ರಿಂದ 1945ರಲ್ಲಿ ಸಾಯುವವರೆಗೆ ಟೊರಾಂಟೊದ ಲೋಕೋಪಯೋಗಿ ಆಯುಕ್ತ. ಟೈಫಾಯ್ಡ್ ಊರನ್ನು ಕಾಡಿದ್ದ ದಿನಗಳನ್ನು ಕಂಡಿದ್ದ ಮನುಷ್ಯ.

1932ರಲ್ಲಿ, ಆರ್ಥಿಕ ಕುಸಿತ ತಳ ಮುಟ್ಟಿದ್ದಾಗ, ಈ ಕೆಲಸ ಶುರುವಾಯಿತು. ನಕ್ಷೆ ಥಾಮಸ್ ಪಾಮ್‌ಫ್ರಿ ಎಂಬವರದು. ಒಳಗೆ ಅಮೃತಶಿಲೆಯ ಗೋಡೆಗಳು. ದುಂಡು ಹಜಾರದ ನಡುವಿನ ಕಂಬದಲ್ಲಿ ಗಡಿಯಾರ, ಅದರ ಕೆಳಗೆ ಸೋಸುವ ಕೊಳಗಳ ಸ್ಥಿತಿ ತೋರುವ ಮಾಪಕ. ಕಮಾನಿನ ಸಾಲುಗಳ ಆಚೀಚೆ ನೀರು ತುಂಬಿದ ಕೊಳಗಳು. ಜನರಿಗೆ ಕೂಲಿಯಿಲ್ಲದ ಕಾಲದಲ್ಲಿ ನೀರಿನ ಯಂತ್ರಕ್ಕೆ ಅಮೃತಶಿಲೆಯೇ ಎಂಬ ಟೀಕೆ ಬಂತು. ಶುದ್ಧೀಕರಣದ ಅರಮನೆ ಎಂಬ ಅಡ್ಡಹೆಸರೂ ಬಂತು. 1941ರಲ್ಲಿ ನೀರು ಹರಿಯಿತು, ಇಂದಿಗೂ ಹರಿಯುತ್ತಿದೆ. ಟೊರಾಂಟೊ ಕುಡಿಯುವ ನೀರಿನ ದೊಡ್ಡ ಪಾಲು ಇಲ್ಲಿಂದಲೇ. ನಲ್ಲಿ ತಿರುಗಿಸುವವರ ಪೈಕಿ ಈ ಅರಮನೆ ನೋಡಿದವರು ಎಷ್ಟು ಮಂದಿಯೋ. ಮೈಕಲ್ ಒಂಡಾಟ್ಜೆ ತಮ್ಮ 1987ರ ‘ಇನ್ ದ ಸ್ಕಿನ್ ಆಫ್ ಎ ಲಯನ್’ ಕಾದಂಬರಿಯನ್ನು ಇದರ ಸುತ್ತ ಕಟ್ಟಿದರು. ಶ್ರೀಲಂಕಾದಲ್ಲಿ ಹುಟ್ಟಿ ಕೆನಡಾ ಸೇರಿದ ಲೇಖಕ. ಆಯುಕ್ತನ ಹೆಸರು ಕಟ್ಟಡಕ್ಕೆ ಸಿಕ್ಕಿತು, ಅದಕ್ಕೆ ನೀರು ತರುವ ಸುರಂಗ ತೋಡಿದ ವಲಸೆ ಕೂಲಿಗಳ ಹೆಸರು ಎಲ್ಲಿಯೂ ಸಿಗಲಿಲ್ಲ ಎಂಬ ಸಂಕಟವೇ ಆ ಕಾದಂಬರಿಯ ಬೇರು.

ಹ್ಯಾರಿಸ್‌ಗೆ ನಾಳೆಯ ಹುಚ್ಚು ಇತ್ತು. ಅವನ ಕಾಲದಲ್ಲೇ ಡಾನ್ ಕಣಿವೆಗೆ ಅಡ್ಡಲಾಗಿ ಕಟ್ಟಿದ ಪ್ರಿನ್ಸ್ ಎಡ್ವರ್ಡ್ ಸೇತುವೆಯಲ್ಲಿ, ವಾಹನ ಓಡುವ ಹಾಸಿನ ಕೆಳಗೆ ರೈಲಿಗೆಂದು ಇನ್ನೊಂದು ಹಾಸು ಇದೆ. ಸೇತುವೆ ತೆರೆದದ್ದು 1918ರಲ್ಲಿ. ಆಗ ಊರಿನಲ್ಲಿ ಸುರಂಗ ರೈಲು ಇರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ದುಂದು ಎಂದು ಬೈಸಿಕೊಂಡ ಆ ಕೆಳಹಾಸಿನ ಮೇಲೆ ಮೊದಲ ಮೆಟ್ರೊ ಓಡಿದ್ದು 1966ರಲ್ಲಿ, ನಲವತ್ತೆಂಟು ವರ್ಷ ಕಳೆದು.

ಬೀದಿಗಿಳಿದ ಮೆಟ್ಟಿಲು, ಖಾಲಿಯಾದ ಕಣಜ

ಮಾಂಟ್ರಿಯಲ್‌ಗೆ ಹೋದವರು ಹ್ಯಾಬಿಟಾಟ್ 67 ನೋಡಿಯೇ ಬರುತ್ತಾರೆ. 1967ರ ವಿಶ್ವ ಮೇಳಕ್ಕೆ ಮೋಶೆ ಸಫ್ದಿ ಎಂಬ ಎಳೆಯ ವಾಸ್ತುಶಿಲ್ಪಿ 354 ಕಾಂಕ್ರೀಟ್ ಪೆಟ್ಟಿಗೆಗಳನ್ನು ಪೇರಿಸಿ ಮಾಡಿದ ವಸತಿ ಸಮುಚ್ಚಯ. ಮುಂದೆ ಎಲ್ಲರ ವಸತಿಯೂ ಹೀಗೇ, ಅಗ್ಗಕ್ಕೆ, ಎಂಬ ಕನಸು ಅದರದು. ಈಗ ಅದು ಉಳ್ಳವರ ವಿಳಾಸ. ಅಗ್ಗದ ವಸತಿಯ ನಿಜವಾದ ಜಾಣ್ಮೆ ನೋಡಬೇಕೆಂದರೆ ಪ್ಲಾಟೊ ಬಡಾವಣೆಯ ಹಳೆಯ ಬೀದಿಗಳಿಗೆ ಹೋಗಬೇಕು.

ಅಲ್ಲಿ ಮೆಟ್ಟಿಲುಗಳು ಮನೆಯ ಒಳಗಿಲ್ಲ. ಎರಡನೆಯ ಮಹಡಿಯಿಂದ ಕಬ್ಬಿಣದ ಮೆಟ್ಟಿಲು ಬಳುಕಿ, ತಿರುಗಿ, ಸೀದಾ ಪಾದಚಾರಿ ಹಾದಿಗೆ ಬಂದು ಇಳಿಯುತ್ತದೆ. ಬೀದಿಯ ಎರಡೂ ಪಕ್ಕ, ಸಾಲಿಗೆ ಸಾಲು. ವರ್ಷದಲ್ಲಿ ನಾಲ್ಕು ತಿಂಗಳು ಹಿಮ ಸುರಿಯುವ ಊರಿನಲ್ಲಿ ಯಾವ ಪುಣ್ಯಾತ್ಮ ಹೀಗೆ ಮಾಡಿದ ಎಂದು ಹೊಸಬರು ಕೇಳುವುದು ಸಹಜ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕಾರ್ಖಾನೆಗಳಿಗೆಂದು ಹಳ್ಳಿಗಳಿಂದ ಜನ ನುಗ್ಗಿ ಬಂದರು. ಮಾಲೀಕ ಕೆಳಗಿದ್ದು ಮೇಲಿನ ಒಂದೆರಡು ಮನೆ ಬಾಡಿಗೆಗೆ ಕೊಡುವ ಎರಡು-ಮೂರು ಅಂತಸ್ತಿನ ಕಟ್ಟಡಗಳು ಎದ್ದವು. ಮುಂದೆ ಒಂದಿಷ್ಟು ಜಾಗ ಬಿಡಬೇಕು, ಗಿಡ ಇರಬೇಕು ಎಂದು ನಗರಸಭೆ ನಿಯಮ ಮಾಡಿತು. ಜಾಗ ಬಿಡಲೇಬೇಕಾದ ಮೇಲೆ ಮೆಟ್ಟಿಲನ್ನು ಅಲ್ಲಿಗೇ ತಳ್ಳಿದರಾಯಿತು! ಒಳಗೆ ಒಂದು ಕೋಣೆಯಷ್ಟು ಜಾಗ ಉಳಿಯಿತು. ಎಲ್ಲರೂ ಓಡಾಡುವ, ಯಾರೂ ಗುಡಿಸದ ಸಾಮಾನ್ಯ ಪಡಸಾಲೆ ತಪ್ಪಿತು, ಅದನ್ನು ಬೆಚ್ಚಗಿಡುವ ಉರುವಲಿನ ಖರ್ಚೂ ತಪ್ಪಿತು. ಎಲ್ಲಕ್ಕಿಂತ ಮಿಗಿಲಾಗಿ, ಮೂರನೇ ಅಂತಸ್ತಿನ ಬಾಡಿಗೆದಾರನಿಗೂ ಬೀದಿಗೆ ತೆರೆಯುವ ತನ್ನದೇ ಬಾಗಿಲು.

ಹಿಮಗಟ್ಟಿದ ದಿನ ಜಾರಿ ಬಿದ್ದು ಸೊಂಟ ಮುರಿದುಕೊಂಡವರೂ, ಅಂಚೆಯವರ ಶಾಪವೂ ಈ ಮೆಟ್ಟಿಲಿನ ಚರಿತ್ರೆಯಲ್ಲಿ ಸೇರಿದೆ. 1940ರ ದಶಕದಲ್ಲಿ ನಗರಸಭೆ ಹೊಸ ಹೊರಮೆಟ್ಟಿಲು ಕಟ್ಟುವುದನ್ನೇ ನಿಷೇಧಿಸಿತು. ಅಪಾಯಕಾರಿ, ಜೊತೆಗೆ ನೋಡಲು ಅಂದಗೇಡಿ ಎಂದು. ದಶಕಗಳು ಕಳೆದು ನಿಷೇಧ ಸಡಿಲಿತು. ಈಗ ಅದೇ ಮೆಟ್ಟಿಲು ನಗರದ ಗುರುತು, ಕೀಳಬೇಡಿ ಎಂಬುದು ಈಗಿನ ಒತ್ತಾಯ. ಜುಲೈ 1ರಂದು ಅಲ್ಲಿರಬೇಕು. ಕ್ವಿಬೆಕ್‌ನಲ್ಲಿ ಬಾಡಿಗೆ ಕರಾರುಗಳು ಹೆಚ್ಚಾಗಿ ಜೂನ್ ಕೊನೆಗೆ ಮುಗಿಯುವುದರಿಂದ ಊರಿಗೆ ಊರೇ ಒಂದೇ ದಿನ ಮನೆ ಬದಲಾಯಿಸುತ್ತದೆ. ಆ ಸುರುಳಿ ಮೆಟ್ಟಿಲಿನಲ್ಲಿ ಫ್ರಿಜ್ಜು ಇಳಿಸುವುದನ್ನು ನೋಡಿದವರಿಗೆ ನಗರಸಭೆಯ ಹಳೆಯ ಸಿಟ್ಟು ಅರ್ಥವಾಗುತ್ತದೆ.

ಹಳೆಯ ಬಂದರಿನ ಪಕ್ಕದಲ್ಲಿ ಇನ್ನೊಂದು ಬಗೆಯ ಕಟ್ಟಡ: ಐದನೇ ನಂಬರಿನ ಸೈಲೊ, ಧಾನ್ಯದ ಕಣಜ. ಪಶ್ಚಿಮದ ಬಯಲು ಸೀಮೆಯಲ್ಲಿ ಬೆಳೆದ ಗೋಧಿ ಸರೋವರಗಳ ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ಸರಪಳಿಗೆ ಕಟ್ಟಿದ ತೊಟ್ಟಿಗಳು ಅದನ್ನು ಮೊಗೆದು ತುದಿಗೇರಿಸುತ್ತಿದ್ದವು. ಅಲ್ಲಿಂದ ಕಾಳು ತನ್ನ ಭಾರಕ್ಕೆ ತಾನೇ ಇಳಿದು, ಬೇಕಾದಾಗ ಸಾಗರದ ಹಡಗಿನ ಹೊಟ್ಟೆ ಸೇರುತ್ತಿತ್ತು. ರಾಶಿ ಹಾಕಿದ ಕಾಳು ಗೋಡೆಯನ್ನು ಪಕ್ಕಕ್ಕೂ ಒತ್ತುತ್ತದೆ. ಚೌಕ ಗೋಡೆಯಾದರೆ ಉಬ್ಬೀತು, ದುಂಡಾದರೆ ಆ ಒತ್ತಡ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ. ಆದ್ದರಿಂದ ಆಕಾಶಕ್ಕೆ ನಿಂತ ಕಾಂಕ್ರೀಟ್ ಕೊಳವೆಗಳ ಸಾಲು. ಅಲಂಕಾರ ಎಂಬುದು ಎಳ್ಳಷ್ಟೂ ಇಲ್ಲ. ಯೂರೋಪು ಇಂಥ ಕಣಜಗಳನ್ನು ನೋಡಿ ಬೆರಗಾಯಿತು. 1913ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್, 1923ರಲ್ಲಿ ಲ ಕಾರ್ಬುಸಿಯೆ ಅಮೆರಿಕ-ಕೆನಡಾಗಳ ಕಣಜಗಳ ಚಿತ್ರ ಅಚ್ಚುಹಾಕಿ, ಹೊಸ ಯುಗದ ವಾಸ್ತುಶಿಲ್ಪ ನೋಡಬೇಕಾದರೆ ಇಲ್ಲಿ ನೋಡಿ ಎಂದು ಸಾರಿದರು. ಮುಂದೆ ಚಂಡೀಗಢ ಕಟ್ಟಿದ ಲ ಕಾರ್ಬುಸಿಯೆ ಇವರೇ. ಅಲ್ಲಿನ ವಿಧಾನಸಭೆಯ ಬೋಳು ಕಾಂಕ್ರೀಟಿನ ವಂಶವೃಕ್ಷ ಹಿಡಿದು ಹೊರಟರೆ ಒಂದು ಬೇರು ಈ ಗೋಧಿ ಕಣಜಗಳಿಗೆ ಮುಟ್ಟುತ್ತದೆ.

ಲೋಕ ಹೊಗಳಿದ್ದನ್ನು ಊರು ಉಳಿಸಿಕೊಳ್ಳಲಿಲ್ಲ. ಆ ಕಾಲಕ್ಕೆ ಹೆಸರಾಗಿದ್ದ ಎರಡನೇ ನಂಬರಿನ ಕಣಜವನ್ನು 1978ರಲ್ಲಿ ಕೆಡವಿದರು, ನದಿ ಕಾಣಲಿ ಎಂದು. ಐದನೆಯದು 1994ರಿಂದ ಖಾಲಿ. 2000ದಲ್ಲಿ ಇಬ್ಬರು ಕಲಾವಿದರು ಆ ಖಾಲಿತನವನ್ನೇ ವಾದ್ಯ ಮಾಡಿಕೊಂಡರು. ಫೋನಿನಲ್ಲೋ ಇಂಟರ್‌ನೆಟ್ಟಿನಲ್ಲೋ ಕಳಿಸಿದ ದನಿಯನ್ನು ಕಣಜದೊಳಗೆ ನುಡಿಸಿ, ಅದರ ದೀರ್ಘ ಮಾರ್ದನಿಯನ್ನು ಕಳಿಸಿದವರಿಗೇ ಮರಳಿಸುವ ಏರ್ಪಾಡು. ಹತ್ತಿರದ ಹಿಟ್ಟಿನ ಗಿರಣಿಯ ನೆತ್ತಿಯಲ್ಲಿ ರಾತ್ರಿ ಕೆಂಪಗೆ ಮಿನುಗುವ ‘ಫಾರೀನ್ ಫೈವ್ ರೋಸಸ್’ ಫಲಕದ ಕೊನೆಯಲ್ಲಿ ಹಿಂದೆ, ಫ್ರೆಂಚಿನ ‘ಫಾರೀನ್’ಗೆ (ಹಿಟ್ಟು) ಸಮನಾದ ಇಂಗ್ಲಿಷಿನ ‘ಫ್ಲೌರ್’ ಕೂಡ ಇತ್ತು. 1977ರ ಫ್ರೆಂಚ್ ಭಾಷಾ ಕಾಯ್ದೆ ಬಂದಾಗ ಅದನ್ನು ಇಳಿಸಿದರು. ನಾಮಫಲಕದ ರಾಜಕೀಯವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮಾಂಟ್ರಿಯಲ್ ಬಿಡುವ ಮುಂಚೆ ನನ್‌ಸ್ ದ್ವೀಪದ ಪೆಟ್ರೋಲ್ ಬಂಕಿನ ವಿಷಯ. ನ್ಯೂಯಾರ್ಕ್, ಶಿಕಾಗೊಗಳ ಗಾಜಿನ ಗೋಪುರಗಳಿಗೆ ಹೆಸರಾದ ಮೀಸ್ ವಾನ್ ಡೆರ್ ರೋ ಬದುಕಿನ ಕೊನೆಗೆ ಇಲ್ಲೊಂದು ಬಂಕ್ ವಿನ್ಯಾಸ ಮಾಡಿದರು. ಉದ್ದನೆಯ ಕಪ್ಪು ಉಕ್ಕಿನ ಚಾವಣಿ, ಕೆಳಗೆ ಎರಡು ಗಾಜಿನ ಕೋಣೆ. 1969ರಿಂದ 2008ರವರೆಗೆ ಜನ ಅಲ್ಲಿ ಪೆಟ್ರೋಲ್ ಹಾಕಿಸಿಕೊಂಡರು. ಮುಚ್ಚಿದ ಮೇಲೆ ಬಡಾವಣೆಯ ಮಕ್ಕಳಿಗೂ ಹಿರಿಯರಿಗೂ ಸಮುದಾಯ ಭವನವಾಯಿತು.

ಬಡತನ ಕಾಪಾಡಿದ ಊರು

ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್‌ನ ಕಥೆ ತಿರುವುಮುರುವು. 1880ರ ದಶಕದಲ್ಲಿ ರೈಲು ಬಂದದ್ದೇ ಪಶ್ಚಿಮದ ಗೋಧಿ ವ್ಯಾಪಾರವೆಲ್ಲ ಈ ಊರಿನ ಮುಷ್ಟಿಗೆ ಬಂತು. ಉಗ್ರಾಣ, ಬ್ಯಾಂಕು, ದಲ್ಲಾಳಿ ಕಚೇರಿ, ಶಿಕಾಗೊ ಮಾದರಿಯಲ್ಲಿ ಒಂದಕ್ಕಿಂತ ಒಂದು ದಪ್ಪ ಇಟ್ಟಿಗೆ-ಕಲ್ಲಿನ ಕಟ್ಟಡಗಳು. 1914ರಲ್ಲಿ ಪನಾಮಾ ಕಾಲುವೆ ತೆರೆಯಿತು, ಸರಕು ಸಮುದ್ರದ ದಾರಿ ಹಿಡಿಯಿತು, ವಿನ್ನಿಪೆಗ್‌ನ ಏರುಗಾಲ ಮುಗಿಯಿತು. ಉಳಿದ ನಗರಗಳು ಹಳೆಯದನ್ನು ಕೆಡವಿ ಗಾಜಿನ ಗೋಪುರ ನಿಲ್ಲಿಸುತ್ತಿದ್ದಾಗ ಈ ಊರಿಗೆ ಕೆಡವಲಿಕ್ಕೂ ಹಣವಿರಲಿಲ್ಲ. ಹಾಗಾಗಿ ಆ ಹಳೆಯ ಕಟ್ಟಡಗಳ ಪ್ರದೇಶವಾದ ಎಕ್ಸ್‌ಚೇಂಜ್ ಡಿಸ್ಟ್ರಿಕ್ಟ್ ಇಡಿಯಾಗಿ ಉಳಿದುಕೊಂಡು, 1997ರಲ್ಲಿ ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು.

ಇಲ್ಲಿ ಕಟ್ಟಡಕ್ಕಿಂತ ಕಲ್ಲನ್ನು ನೋಡಬೇಕು ಎಂದು ನಾನು ಹೇಳುತ್ತೇನೆ. ಊರಿನ ಈಶಾನ್ಯಕ್ಕಿರುವ ಗಾರ್ಸನ್‌ನ ಗಣಿಯ ಟಿಂಡಲ್ ಕಲ್ಲು ತೆಳು ಬಾದಾಮಿ ಬಣ್ಣದ ಸುಣ್ಣಕಲ್ಲು, ಮೈತುಂಬ ಕಂದು ಚಿತ್ತಾರ. ಸುಮಾರು 45 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಬೆಚ್ಚನೆಯ ಸಮುದ್ರದ ತಳದಲ್ಲಿ ಜೀವಿಗಳು ಕೊರೆದ ಬಿಲಗಳೇ ಆ ಚಿತ್ತಾರ. ಮ್ಯಾನಿಟೋಬಾದ ಶಾಸನ ಭವನ ಈ ಕಲ್ಲಿನದು, ಒಟ್ಟಾವದ ಸಂಸತ್ತಿನ ಒಳಗೋಡೆಗಳಲ್ಲೂ ಇದೇ. ಮಂತ್ರಿಗಳು ಒರಗಿ ನಿಲ್ಲುವ ಗೋಡೆಯಲ್ಲಿ ಹವಳ, ಶಂಖದಂಥ ಜೀವಿಗಳ ಪಳೆಯುಳಿಕೆ ಬರಿಗಣ್ಣಿಗೇ ಕಾಣುತ್ತದೆ.

ನದಿಯಾಚೆಯ ಸೇಂಟ್ ಬೋನಿಫಸ್ ಫ್ರೆಂಚ್ ಮಾತಾಡುವವರ ಭಾಗ. 1968ರಲ್ಲಿ ಅಲ್ಲಿನ ಕೆಥೆಡ್ರಲ್ ಬೆಂಕಿಗೆ ಆಹುತಿಯಾಯಿತು. ಮುಖಮಂಟಪದ ಕಲ್ಲು ಮತ್ತು ಗೋಡೆಗಳಷ್ಟೇ ಉಳಿದವು. ಸ್ಥಳೀಯ ವಾಸ್ತುಶಿಲ್ಪಿ ಎಟಿಯೆನ್ ಗಾಬುರಿ ಅವಶೇಷವನ್ನು ತೆಗೆಯಲೂ ಇಲ್ಲ, ಹಳೆಯದರ ನಕಲು ಮಾಡಲೂ ಇಲ್ಲ. ಆ ಗೋಡೆಗಳ ಒಳಗೇ ಸಣ್ಣ, ಹೊಸ ಚರ್ಚನ್ನು 1972ರ ಹೊತ್ತಿಗೆ ನಿಲ್ಲಿಸಿದರು. ಈಗ ಸುಟ್ಟ ಕಮಾನಿನೊಳಗೆ ಹಾದು, ಆಕಾಶದ ಕೆಳಗೆ ನಡೆದು, ಆಮೇಲೆ ಚರ್ಚಿನ ಬಾಗಿಲು. ಅದೇ ಗಾಬುರಿ 1968ರಲ್ಲಿ ಮುಗಿಸಿದ ಪ್ರೆಸ್ಯೂ ಸಾನ್ ಚರ್ಚು ಇನ್ನೂ ಸೊಗಸು: ಮರದ ತೊಲೆಗಳು ಸುರುಳಿಯಾಗಿ ಮೇಲೆದ್ದು, ಮೂಲನಿವಾಸಿಗಳ ಟೀಪಿ ಗುಡಾರದ ಹಾಗೆ ನೆತ್ತಿಯಲ್ಲಿ ಕೂಡುತ್ತವೆ. ನನಗೆ ಕೆನಡಾದ ಒಂದೇ ಒಂದು ಕಟ್ಟಡ ಆರಿಸು ಎಂದರೆ ಇದನ್ನೇ ಆರಿಸುತ್ತೇನೆ.

ಹೆಗಲ ಮೇಲೆ ಬಂದ ಮರ

ಇನ್ನೂ ಪಶ್ಚಿಮಕ್ಕೆ, ಎಡ್ಮಂಟನ್‌ನ ಅಲ್ ರಶೀದ್ ಕೆನಡಾದ ಮೊದಲ ಮಸೀದಿ, 1938ರದು. ಲೆಬನಾನಿನಿಂದ ಬಂದಿದ್ದ ಕುಟುಂಬಗಳ ಹೆಂಗಸರು, ಹಿಲ್ವಿ ಹಮ್ದೂನ್ ಎಂಬಾಕೆಯ ಮುಂದಾಳತ್ವದಲ್ಲಿ, ಜ್ಯಾಸ್ಪರ್ ಅವೆನ್ಯೂದ ಅಂಗಡಿ ಅಂಗಡಿ ಹತ್ತಿ ಚಂದಾ ಎತ್ತಿದರು. ಕ್ರೈಸ್ತರೂ ಯಹೂದಿಗಳೂ ಕೊಟ್ಟರು. ಕಟ್ಟಲು ಒಪ್ಪಿದ ಗುತ್ತಿಗೆದಾರ ಉಕ್ರೇನ್ ಮೂಲದವನು, ಮಸೀದಿಯನ್ನು ಕಂಡವನಲ್ಲ. ಅವನ ಕೈಗೆ ಬರುತ್ತಿದ್ದುದು ಉಕ್ರೇನಿ ಚರ್ಚು. ಅದಕ್ಕೇ ಆ ಮಸೀದಿ ಇಂದಿಗೂ ಗೋಪುರ ಬದಲಾಯಿಸಿದ ಚರ್ಚಿನಂತೆಯೇ ಕಾಣುತ್ತದೆ. ಉದ್ಘಾಟನೆಗೆ ಬಂದಿದ್ದವರು ಕುರ್‌ಆನ್‌ನ ಇಂಗ್ಲಿಷ್ ಅನುವಾದಕ್ಕೆ ಹೆಸರಾದ ಅಬ್ದುಲ್ಲಾ ಯೂಸುಫ್ ಅಲಿ, ಬೊಂಬಾಯಿಯಲ್ಲಿ ಹುಟ್ಟಿದವರು. ಕೆಡವುವ ಮಾತು ಬಂದಾಗ ಸಮುದಾಯದ ಹೆಂಗಸರೇ ಮತ್ತೆ ನಿಂತು, 1990ರ ದಶಕದ ಆರಂಭದಲ್ಲಿ ಕಟ್ಟಡವನ್ನೇ ಎತ್ತಿಸಿ ಫೋರ್ಟ್ ಎಡ್ಮಂಟನ್ ಪಾರ್ಕಿಗೆ ಸಾಗಿಸಿದರು.

ವ್ಯಾಂಕೂವರಿನ ಪೂರ್ವಕ್ಕೆ ಅಬಟ್ಸ್‌ಫರ್ಡ್‌ನಲ್ಲಿ 1911ರಲ್ಲಿ ಕಟ್ಟಿದ ಗುರುದ್ವಾರ ಇದೆ. ಉತ್ತರ ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಗುರುದ್ವಾರ. 2002ರಲ್ಲಿ ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. ಮರ ಕೊಯ್ಯುವ ಗಿರಣಿಯಲ್ಲಿ ದುಡಿಯುತ್ತಿದ್ದ ಸಿಖ್ಖರು, ಗಿರಣಿ ದಾನವಾಗಿ ಕೊಟ್ಟ ತೊಲೆಗಳನ್ನು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತಿಸಿದರು. ಗುಮ್ಮಟವಿಲ್ಲ. ಬೀದಿಗೆ ಎತ್ತರದ ಚಪ್ಪಟೆ ಮುಂಗೋಡೆ, ಆ ಕಾಲದ ಪಶ್ಚಿಮದ ಊರುಗಳ ದಿನಸಿ ಅಂಗಡಿಗಿದ್ದಂತೆ. ಮೇಲೆ ಪ್ರಾರ್ಥನೆ, ಕೆಳಗೆ ಲಂಗರ್, ಅಂದರೆ ಎಲ್ಲರಿಗೂ ಉಣಬಡಿಸುವ ಅಡುಗೆಮನೆ. ಅಮೃತಸರವನ್ನು ನೆನಪಿನಿಂದ ನಕಲು ಮಾಡುವ ಬದಲು ಕೈಗೆ ಸಿಕ್ಕ ಮರ, ಕಣ್ಣಿಗೆ ಕಂಡ ರೂಪದಲ್ಲೇ ಗುಡಿ ಮಾಡಿದರು. ಮೂರೇ ವರ್ಷಕ್ಕೆ, 1914ರಲ್ಲಿ, 376 ಭಾರತೀಯ ಪ್ರಯಾಣಿಕರ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ತಡೆದು, ಇಪ್ಪತ್ತನಾಲ್ಕು ಮಂದಿಗಷ್ಟೇ ಇಳಿಯಲು ಬಿಟ್ಟು, ಉಳಿದವರನ್ನು ವಾಪಸು ಅಟ್ಟಿದರು. ಹಡಗಿನವರ ಪರ ಹಣ ಕೂಡಿಸಿ ಹೋರಾಡಿದ್ದು ವ್ಯಾಂಕೂವರಿನ ಖಾಲ್ಸಾ ದಿವಾನ್ ಸೊಸೈಟಿ. ಅದೇ ಸೊಸೈಟಿ ತನ್ನ ಹೊಸ ಗುರುದ್ವಾರಕ್ಕೆ ಆರಿಸಿದ್ದು ಕೆನಡಾದ ಅತ್ಯಂತ ಹೆಸರುವಾಸಿ ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್‌ರನ್ನು. ಯುದ್ಧಕಾಲದಲ್ಲಿ ಸೈನಿಕರಾಗಿ ಭಾರತ ಕಂಡಿದ್ದವರು. 1970ರಲ್ಲಿ ರಾಸ್ ಸ್ಟ್ರೀಟಿನಲ್ಲಿ ಅವರು ನಿಲ್ಲಿಸಿದ್ದು ಬಿಳಿಯ ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ತಿರುಗಿಸಿ ಪೇರಿಸಿ, ನೆತ್ತಿಗೆ ಉಕ್ಕಿನ ಕಂಬಿಗಳ ಬರಿಯ ಗುಮ್ಮಟ ಇಟ್ಟ ಕಟ್ಟಡ. ಎರಿಕ್ಸನ್‌ರ ಮಾನವಶಾಸ್ತ್ರ ಸಂಗ್ರಹಾಲಯಕ್ಕೆ ಪ್ರವಾಸಿ ಬಸ್ಸು ಹೋಗುತ್ತದೆ, ಇಲ್ಲಿಗೆ ಹೋಗುವುದಿಲ್ಲ.

ಆ ಗುರುದ್ವಾರದ ಸುತ್ತಲಿನ ಬೀದಿಗಳಲ್ಲೇ ವ್ಯಾಂಕೂವರ್ ಸ್ಪೆಷಲ್ ಮನೆಗಳನ್ನು ನೋಡಬಹುದು. 33 ಅಡಿ ಅಗಲದ ಸೈಟು. ಎರಡಂತಸ್ತಿನ ಪೆಟ್ಟಿಗೆ, ಹೆಚ್ಚು ಇಳಿಜಾರಿಲ್ಲದ ಮಾಡು, ಕೆಳಗೆ ಇಟ್ಟಿಗೆಯ ಮುಖ, ಮೇಲೆ ಗಾರೆ, ಅಡ್ಡಕ್ಕೂ ಚಾಚಿದ ಬಾಲ್ಕನಿಗೆ ಕಬ್ಬಿಣದ ಕಟಕಟೆ. 1965ರಿಂದ 85ರ ನಡುವೆ ಇಂಥವು ಸುಮಾರು ಹತ್ತು ಸಾವಿರ ಎದ್ದವು. ನೆಲಮಾಳಿಗೆಯನ್ನು ಮನೆಯ ವಿಸ್ತೀರ್ಣದ ಲೆಕ್ಕಕ್ಕೆ ಹಿಡಿಯದ ನಿಯಮವಿತ್ತು. ಬಿಲ್ಡರುಗಳು ನೆಲ ಅಗೆಯದೆ ಕೆಳ ಅಂತಸ್ತನ್ನೇ ನೆಲಮಾಳಿಗೆ ಎಂದು ತೋರಿಸಿದರು. ನಕ್ಷೆ ಸಿದ್ಧವಿತ್ತು, ವಾಸ್ತುಶಿಲ್ಪಿಯ ಶುಲ್ಕವಿಲ್ಲ, ಪರವಾನಗಿ ಬೇಗ. ಇಟಾಲಿಯನ್ನರು, ಚೀನೀಯರು, ಪಂಜಾಬಿಗಳು ಕೊಂಡರು. ಮೇಲೆ ಮನೆಯವರು, ಕೆಳಗೆ ಊರಿನಿಂದ ಬಂದ ಅಪ್ಪ-ಅಮ್ಮ, ಇಲ್ಲವೇ ಸಾಲದ ಕಂತು ಕಟ್ಟಿಕೊಡುವ ಬಾಡಿಗೆದಾರ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಅಂದು ಬಹಳಷ್ಟು ಬಡಾವಣೆಗಳಲ್ಲಿ ಹಾಗೆ ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಕೊಟ್ಟರು.

ಹಳೆಯ ನಿವಾಸಿಗಳು ಮೂಗು ಮುರಿದರು. ವಿಕಾರ, ಅತಿ ದೊಡ್ಡದು, ಬೀದಿಯ ಅಂದ ಕೆಡಿಸುತ್ತದೆ ಎಂಬ ದೂರುಗಳು. ದೂರಿನಲ್ಲಿ ಎಷ್ಟು ಭಾಗ ಗೋಡೆಯ ಬಗ್ಗೆ, ಎಷ್ಟು ಭಾಗ ಗೋಡೆಯೊಳಗೆ ಇದ್ದವರ ಬಗ್ಗೆ ಎಂದು ಬೇರ್ಪಡಿಸುವುದು ಕಷ್ಟ. 1980ರ ದಶಕದಲ್ಲಿ ನಗರಸಭೆ ನಿಯಮ ತಿದ್ದಿ ಇವನ್ನು ನಿಲ್ಲಿಸಿತು. ಆಮೇಲೆ ನಗರದ ಪರಂಪರೆ ಪ್ರತಿಷ್ಠಾನವೇ ಟಿಕೆಟ್ ಇಟ್ಟು ಇವುಗಳ ಒಳಗೆ ಜನರನ್ನು ಸುತ್ತಾಡಿಸಿದ್ದೂ ಉಂಟು. 2023ರ ಸೆಪ್ಟೆಂಬರಿನಲ್ಲಿ ವ್ಯಾಂಕೂವರ್ ನಗರಸಭೆ ಒಂಟಿ ಮನೆಯ ಸೈಟುಗಳಲ್ಲಿ ಹಲವು ವಾಸದ ಘಟಕ ಕಟ್ಟಲು ಅನುಮತಿ ಕೊಟ್ಟಿತು. ಮರುವರ್ಷ ಬ್ರಿಟಿಷ್ ಕೊಲಂಬಿಯಾ ಸರ್ಕಾರ, ಮನೆಗಳ ಅಭಾವ ನೀಗಲಿ, ಪರವಾನಗಿ ಬೇಗ ಸಿಗಲಿ ಎಂದು, ಯಾರು ಬೇಕಾದರೂ ಬಳಸಬಹುದಾದ ಸಿದ್ಧ ನಕ್ಷೆಗಳನ್ನು ತಾನೇ ಹೊರತಂದಿತು.